ಕಣ್ಣು ಮಿಟುಕಿಸುವ ಮಗು: ತುಂಟತನವೋ, ಟಿಕ್ಕೋ?



ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಇಂಥ ಮಗುವನ್ನು ನೋಡಿದ್ದೀರಾ? ಒಂದು ಮಗು ಪಟಪಟ ಅಂತ ಕಣ್ಣು ಮಿಟುಕಿಸುತ್ತದೆ. ಒಂದು ಮಗು ಮಾತಾಡುತ್ತಾ ಮಾತಾಡುತ್ತಾ ಹೆಗಲು ಎಗರಿಸುತ್ತದೆ. ಇನ್ನೊಂದು ಕತ್ತನ್ನು ಫಕ್ಕನೆ ಪಕ್ಕಕ್ಕೆ ಎಳೆಯುತ್ತದೆ. ಮತ್ತೊಂದು ನೆಗಡಿ ಇಲ್ಲದಿದ್ದರೂ ಮೂಗು ಸೇದುತ್ತದೆ. ಕೆಮ್ಮು ಇಲ್ಲದಿದ್ದರೂ ಗಂಟಲು ಕೆರೆಯುತ್ತದೆ.

ಆಗ ನಾವು ಏನು ಮಾಡುತ್ತೇವೆ? ಮೊದಲು ನಗುತ್ತೇವೆ. ಆಮೇಲೆ ಬೈಯುತ್ತೇವೆ. "ಹಂಗ್ಯಾಕೆ ಮಾಡ್ತೀಯಲೇ? ಸುಮ್ನೆ ಕೂಡು" ಅಂತೀವಿ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಅಪ್ಪ ಕೈ ಎತ್ತುತ್ತಾನೆ. ಪಕ್ಕದ ಮನೆಯವರು "ಗಾಳಿ ಸೋಕಿರಬೇಕು, ತಾಯತ ಕಟ್ಟಿಸ್ರಿ" ಅಂತಾರೆ. ಕೆಲವು ಕಡೆ ಬರೆ ಎಳೆಸುವವರೂ ಇದ್ದಾರೆ. ಶಾಲೆಯಲ್ಲಿ ಮಗು ಬೆಂಚಿನ ಮೇಲೆ ನಿಲ್ಲುತ್ತದೆ.

ಇಷ್ಟೆಲ್ಲ ಆದರೂ ಅದು ನಿಲ್ಲುವುದಿಲ್ಲ. ಇನ್ನೂ ಹೆಚ್ಚಾಗುತ್ತದೆ. ಯಾಕೆ? ಬನ್ನಿ, ತಿಳಿಯೋಣ.

ಟಿಕ್ ಅಂದರೆ ಏನು?

ಮೈಯ ಒಂದು ಭಾಗ ಫಕ್ಕನೆ, ಚುರುಕಾಗಿ ಅಲುಗುತ್ತದೆ. ಅಥವಾ ಬಾಯಿಂದ, ಮೂಗಿನಿಂದ ಒಂದು ಶಬ್ದ ಬರುತ್ತದೆ. ಅದೇ ಮತ್ತೆ ಮತ್ತೆ ಬರುತ್ತದೆ. ಮಗು ಬೇಕಂತ ಮಾಡಿದ್ದಲ್ಲ. ಇದಕ್ಕೆ ವೈದ್ಯರು "ಟಿಕ್" ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎಲ್ಲರೂ ಬಳಸುವ ಬೇರೆ ಹೆಸರಿಲ್ಲ. ಹಾಗಾಗಿ ಇಲ್ಲಿ ಟಿಕ್ ಅಂತಲೇ ಬರೆಯುತ್ತೇನೆ.

ಗಡಿಯಾರದ ಟಿಕ್ ಟಿಕ್ ನಿಮಗೆ ಗೊತ್ತು. ಹೆಸರು ಹಾಗೇ ಕೇಳಿಸಿದರೂ ಇದು ಬೇರೆ. ಗಡಿಯಾರ ತಾಳ ತಪ್ಪುವುದಿಲ್ಲ. ಟಿಕ್ಕಿಗೆ ತಾಳವೇ ಇಲ್ಲ. ಒಂದು ನಿಮಿಷದಲ್ಲಿ ಹತ್ತು ಸಲ ಬರಬಹುದು. ಆಮೇಲೆ ಅರ್ಧ ಗಂಟೆ ಬರದೇ ಇರಬಹುದು.

ಟಿಕ್ಕಿನಲ್ಲಿ ಎರಡು ಬಗೆ ಇದೆ. ಒಂದು ಚಲನೆಯ ಟಿಕ್. ಕಣ್ಣು ಮಿಟುಕಿಸುವುದು, ಹುಬ್ಬು ಹಾರಿಸುವುದು, ಮೂಗು ಸೊಟ್ಟ ಮಾಡುವುದು, ಕತ್ತು ಎಳೆಯುವುದು, ಹೆಗಲು ಎಗರಿಸುವುದು ಇದರಲ್ಲಿ ಸೇರುತ್ತವೆ. ಇನ್ನೊಂದು ಶಬ್ದದ ಟಿಕ್. ಗಂಟಲು ಕೆರೆಯುವುದು, ಮೂಗು ಸೇದುವುದು, ಹೂಂ ಹೂಂ ಅನ್ನುವುದು, ಕೆಲವೊಮ್ಮೆ ಒಂದು ಮಾತನ್ನೇ ಮತ್ತೆ ಮತ್ತೆ ಹೇಳುವುದು ಇದರಲ್ಲಿ ಸೇರುತ್ತವೆ.

ಸೀನು ತಡೆದು ನೋಡಿ

ನಿಮಗೆ ಸೀನು ಬರುತ್ತದೆ. ಮೂಗಿನೊಳಗೆ ಕಚಗುಳಿ ಇಡುತ್ತದೆ. ಎದುರಿಗೆ ಹಿರಿಯರು ಕೂತಿದ್ದಾರೆ. ನೀವು ಮೂಗು ಹಿಡಿದು ತಡೆಯುತ್ತೀರಿ. ಒಂದು ಗಳಿಗೆ ತಡೆಯಬಹುದು. ಎಷ್ಟು ಹೊತ್ತು ತಡೆಯುತ್ತೀರಿ? ಕೊನೆಗೆ ಸೀನು ಬಂದೇ ಬರುತ್ತದೆ. ಬಂದ ಮೇಲೆ ಹಾಯ್ ಅನಿಸುತ್ತದೆ.

ಟಿಕ್ಕೂ ಹೆಚ್ಚು ಕಡಿಮೆ ಹೀಗೇ. ಟಿಕ್ ಬರುವ ಮೊದಲು ಒಳಗೆ ಏನೋ ಒಂದು ಒತ್ತಡ ಆಗುತ್ತದೆ. ಕಣ್ಣಿನಲ್ಲಿ ತುರಿಕೆ, ಹೆಗಲಿನಲ್ಲಿ ಬಿಗಿತ, ಗಂಟಲಲ್ಲಿ ಗುರುಗುರು. ಟಿಕ್ ಬಂದ ಕೂಡಲೇ ಸ್ವಲ್ಪ ಸಮಾಧಾನ. ಮತ್ತೆ ಒತ್ತಡ, ಮತ್ತೆ ಟಿಕ್. ದೊಡ್ಡ ಮಕ್ಕಳು ಈ ಒತ್ತಡವನ್ನು ಬಾಯಿಬಿಟ್ಟು ಹೇಳುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ.

ಈಗ ಒಂದು ಮುಖ್ಯ ಮಾತು. ಮಗು ಸ್ವಲ್ಪ ಹೊತ್ತು ಟಿಕ್ಕನ್ನು ತಡೆಯಬಲ್ಲದು. ಶಾಲೆಯಲ್ಲಿ ಗೆಳೆಯರು ನಗುತ್ತಾರೆ ಅಂತ ತಡೆದು ತಡೆದು ಕೂರುತ್ತದೆ. ಮನೆಗೆ ಬಂದು ಪಾಟಿಚೀಲ ಇಟ್ಟ ಕೂಡಲೇ ಒಂದೇ ಸಮ ಶುರುವಾಗುತ್ತದೆ. ಆಗ ತಾಯಿ ಏನು ತಿಳಿಯುತ್ತಾಳೆ? "ಶಾಲೆಯಲ್ಲಿ ಸುಮ್ಮನಿದ್ದ. ನನ್ನ ಮುಂದೆ ಬೇಕಂತ ಮಾಡ್ತಾನೆ" ಅಂತ ತಿಳಿಯುತ್ತಾಳೆ. ಏಟು ಬೀಳುವುದು ಇಲ್ಲೇ.

ತಡೆಯಲು ಬರುತ್ತದೆ ಅಂದರೆ ಬಿಡಲು ಬರುತ್ತದೆ ಅಂತ ಅರ್ಥ ಅಲ್ಲ. ಉಸಿರು ಹಿಡಿಯಲು ಬರುತ್ತದೆ. ಹಾಗಂತ ಉಸಿರಾಡುವುದನ್ನೇ ಬಿಡಲು ಆಗುತ್ತದೆಯೇ? ಮನೆಯಲ್ಲಿ ಮಗು ಟಿಕ್ ಬಿಡುತ್ತದೆ ಅಂದರೆ, ಅಲ್ಲಿ ಅದಕ್ಕೆ ಹೆದರಿಕೆ ಕಡಿಮೆ ಅಂತ ಅರ್ಥ.

ಯಾವಾಗ ಬರುತ್ತದೆ? ಯಾವಾಗ ಹೋಗುತ್ತದೆ?

ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದ ಹೊತ್ತಿಗೆ ಶುರುವಾಗುತ್ತದೆ. ಮೊದಲು ಕಣ್ಣಿನಿಂದ ಶುರುವಾಗುವುದೇ ಹೆಚ್ಚು. ಹತ್ತು, ಹನ್ನೆರಡು ವರ್ಷದ ಹೊತ್ತಿಗೆ ಬಹಳ ಹೆಚ್ಚಾಗುತ್ತದೆ. ಆಮೇಲೆ ಇಳಿಯುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ. ಹೆಣ್ಣುಮಕ್ಕಳಿಗೂ ಬರುತ್ತದೆ.

ಇದು ಅಪರೂಪದ್ದಲ್ಲ. ಹತ್ತು ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಎಂದಾದರೂ ಒಮ್ಮೆ ಬಂದು ಹೋಗುತ್ತದೆ ಅಂತ ವೈದ್ಯರ ಅಂದಾಜು. ಬಹಳಷ್ಟು ಮಕ್ಕಳಲ್ಲಿ ಕೆಲವು ವಾರ, ಕೆಲವು ತಿಂಗಳಿದ್ದು ತಾನೇ ಹೋಗುತ್ತದೆ.

ಕೆಲವು ಮಕ್ಕಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುತ್ತದೆ. ಚಲನೆಯ ಟಿಕ್ ಒಂದಕ್ಕಿಂತ ಹೆಚ್ಚು, ಜೊತೆಗೆ ಶಬ್ದದ ಟಿಕ್ಕೂ ಬಂದು, ಒಂದು ವರ್ಷ ದಾಟಿದರೆ ಅದಕ್ಕೆ "ಟುರೆಟ್" ಅಂತ ಹೆಸರು. ಟುರೆಟ್ ಇರುವವರು ನೂರಕ್ಕೆ ಒಬ್ಬರು, ಅಥವಾ ಅದಕ್ಕಿಂತಲೂ ಕಡಿಮೆ. ಅಂಥ ಮಕ್ಕಳನ್ನು ಮೂರು ಪಾಲು ಮಾಡಿದರೆ, ದೊಡ್ಡವರಾದ ಮೇಲೆ ಸುಮಾರು ಒಂದು ಪಾಲಿಗೆ ಟಿಕ್ ಪೂರ್ತಿ ಹೋಗಿರುತ್ತದೆ. ಒಂದು ಪಾಲಿಗೆ ಬಹಳ ಕಡಿಮೆ ಆಗಿರುತ್ತದೆ. ಒಂದು ಪಾಲಿಗೆ ಹಾಗೇ ಇರುತ್ತದೆ.

ಟಿಕ್ ಏರುತ್ತದೆ, ಇಳಿಯುತ್ತದೆ. ಈ ತಿಂಗಳು ಕಣ್ಣು, ಮುಂದಿನ ತಿಂಗಳು ಹೆಗಲು. ಪರೀಕ್ಷೆ ಹತ್ತಿರ ಬಂದರೆ ಹೆಚ್ಚು. ಜಾತ್ರೆ, ಮದುವೆಯ ಸಡಗರದಲ್ಲೂ ಹೆಚ್ಚು. ನಿದ್ದೆಗೆಟ್ಟರೆ, ದಣಿದರೆ, ಜ್ವರ ಬಂದರೆ ಹೆಚ್ಚು. ಮನಸ್ಸಿಟ್ಟು ಆಡುವಾಗ, ಚಿತ್ರ ಬರೆಯುವಾಗ, ಹಾಡುವಾಗ ಕಡಿಮೆ. ನಿದ್ದೆಯಲ್ಲಿ ಬಹಳ ಕಡಿಮೆ.

ತಾಯತ ಕಟ್ಟಿದ ವಾರದಲ್ಲಿ ಟಿಕ್ ಇಳಿಯಿತು ಅಂತ ಕೆಲವರು ಹೇಳುತ್ತಾರೆ. ಇಳಿದಿದ್ದು ನಿಜ ಇರಬಹುದು. ಆದರೆ ಅದು ತಾನೇ ಇಳಿಯುವ ಹೊತ್ತಾಗಿತ್ತು. ಮುಂದಿನ ತಿಂಗಳು ಮತ್ತೆ ಏರುತ್ತದೆ.

ಯಾಕೆ ಬರುತ್ತದೆ?

ನಮ್ಮ ಸಿರಿಗೇರಿ, ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರು ಗದ್ದೆಗೆ ಹೇಗೆ ಬರುತ್ತದೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಕಾಲುವೆಗೆ ತೂಬು ಇರುತ್ತದೆ. ಬೇಕಾದ ಗದ್ದೆಗೆ ನೀರು ಬಿಡುತ್ತೀರಿ. ಬೇಡದ ಕಡೆ ಮುಚ್ಚುತ್ತೀರಿ.

ಮೆದುಳೂ ಹಾಗೇ. ಕೈ ಎತ್ತು, ಕಣ್ಣು ಮುಚ್ಚು, ಕತ್ತು ತಿರುಗಿಸು ಅಂತ ಮೈಗೆ ಅಪ್ಪಣೆ ಕೊಡುವುದು ಮೆದುಳು. ಬೇಕಾದ ಅಪ್ಪಣೆಯನ್ನು ಬಿಡುವುದಕ್ಕೆ, ಬೇಡದ್ದನ್ನು ತಡೆಯುವುದಕ್ಕೆ ಮೆದುಳಿನ ಒಳಗೆ ಒಂದು ಭಾಗ ಇದೆ. ಅದನ್ನು ತೂಬು ಅಂತ ತಿಳಿಯಿರಿ. ಟಿಕ್ ಇರುವ ಮಗುವಿನಲ್ಲಿ ಈ ತೂಬು ಸ್ವಲ್ಪ ಸಡಿಲ. ಬೇಡದ ಅಪ್ಪಣೆ ಆಗಾಗ ಸೋರಿಬಿಡುತ್ತದೆ. ಕಣ್ಣಿಗೆ ಸೋರಿದರೆ ಕಣ್ಣು ಮಿಟುಕುತ್ತದೆ. ಹೆಗಲಿಗೆ ಸೋರಿದರೆ ಹೆಗಲು ಎಗರುತ್ತದೆ.

ಇದು ಮನೆತನದಲ್ಲಿ ಹರಿದು ಬರುವುದುಂಟು. ಅಪ್ಪನಿಗೋ, ಸೋದರಮಾವನಿಗೋ ಚಿಕ್ಕಂದಿನಲ್ಲಿ ಇದ್ದಿರಬಹುದು. ಕೇಳಿ ನೋಡಿ. ತಾಯಿ ಸರಿಯಾಗಿ ಸಾಕಲಿಲ್ಲ ಅಂತ ಬಂದದ್ದಲ್ಲ. ಬಸಿರಲ್ಲಿ ಗ್ರಹಣ ನೋಡಿದ್ದರಿಂದ ಬಂದದ್ದಲ್ಲ. ಅಂಟುರೋಗವೂ ಅಲ್ಲ. ಬುದ್ಧಿ ಕಡಿಮೆ ಅಂತಲೂ ಅಲ್ಲ.

ಎಲ್ಲವೂ ಟಿಕ್ ಅಲ್ಲ

ಮಕ್ಕಳು ಮತ್ತೆ ಮತ್ತೆ ಮಾಡುವುದೆಲ್ಲ ಟಿಕ್ ಅಲ್ಲ. ನೋಡಲು ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ. ಜೋಳದ ಪೈರಿನ ನಡುವೆ ಕಳೆಯನ್ನು ನೀವು ಗುರುತು ಹಿಡಿಯುವುದಿಲ್ಲವೇ? ಹಾಗೆ ಇವನ್ನೂ ಗುರುತು ಹಿಡಿಯಬಹುದು. ಒಂದೊಂದಾಗಿ ನೋಡೋಣ.

1. ರೂಢಿ. ಬೆರಳು ಚೀಪುವುದು, ಉಗುರು ಕಚ್ಚುವುದು, ಜಡೆಯ ತುದಿ ತಿರುಚುವುದು. ಇವು ಫಕ್ಕನೆ ಬರುವ ಚಲನೆಗಳಲ್ಲ. ನಿಧಾನವಾಗಿ, ಬಹಳ ಹೊತ್ತು ನಡೆಯುತ್ತವೆ. ಬೇಸರ ಆದಾಗ, ನಿದ್ದೆ ಬರುವಾಗ ಮಾಡುತ್ತಾರೆ. ಕೈಗೆ ಬೇರೆ ಕೆಲಸ ಕೊಟ್ಟರೆ ನಿಲ್ಲುತ್ತದೆ. ಆದರೆ ಕೂದಲು ಕಿತ್ತು ಕಿತ್ತು ತಲೆ ಬೋಳಾಗುತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ವೈದ್ಯರಿಗೆ ತೋರಿಸಿ.

2. ತಾಳ ಹಿಡಿದ ಆಟ. ಕೆಲವು ಮಕ್ಕಳು ಖುಷಿಯಾದರೆ ಎರಡೂ ಕೈಯನ್ನು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಾರೆ. ಕೂತಲ್ಲೇ ಹಿಂದೆ ಮುಂದೆ ತೂಗುತ್ತಾರೆ. ಇದು ಸಾಮಾನ್ಯವಾಗಿ ಮೂರು ವರ್ಷದ ಒಳಗೇ ಶುರುವಾಗುತ್ತದೆ. ಇದಕ್ಕೆ ತಾಳ ಇದೆ. ವರ್ಷಗಟ್ಟಲೆ ಒಂದೇ ಥರ ಇರುತ್ತದೆ. ಹೆಸರು ಹಿಡಿದು ಕೂಗಿದರೆ ನಿಲ್ಲುತ್ತದೆ. ಮಗುವಿಗೆ ಇದರಿಂದ ಹಿತ ಅನಿಸುತ್ತದೆ, ಕಿರಿಕಿರಿ ಅಲ್ಲ. ಚೆನ್ನಾಗಿ ಬೆಳೆಯುವ ಮಕ್ಕಳಲ್ಲೂ ಇದು ಇರುತ್ತದೆ. ಆದರೆ ಮಗು ಮಾತು ಕಲಿತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಕರೆದರೆ ತಿರುಗುವುದಿಲ್ಲ ಅಂದರೆ ಬೇಗ ತೋರಿಸಿ. ಅದು ಆಟಿಸಂ ಇರಬಹುದು.

3. ಹೆದರಿಕೆಯ ಗೀಳು. ಒಬ್ಬ ಹುಡುಗಿ ಇಪ್ಪತ್ತು ಸಲ ಕೈ ತೊಳೆಯುತ್ತಾಳೆ. "ತೊಳೀದಿದ್ರೆ ಅಮ್ಮಗೆ ಏನೋ ಆಗ್ತದೆ" ಅನ್ನುತ್ತಾಳೆ. ಬಾಗಿಲ ಚಿಲಕವನ್ನು ಎಣಿಸಿ ಎಣಿಸಿ ಮುಟ್ಟುತ್ತಾಳೆ. ಇಲ್ಲಿ ಮೊದಲು ಬರುವುದು ಯೋಚನೆ. ಹೆದರಿಕೆ. ಅದನ್ನು ಇಳಿಸಿಕೊಳ್ಳಲು ಈ ಕೆಲಸ. ಟಿಕ್ಕಿನಲ್ಲಿ ಯೋಚನೆ ಇಲ್ಲ. ಮೈಯ ಒತ್ತಡ ಮಾತ್ರ. ಕೆಲವು ಮಕ್ಕಳಿಗೆ ಟಿಕ್ಕೂ ಗೀಳೂ ಎರಡೂ ಇರುತ್ತವೆ.

4. ಫಿಟ್ಸ್, ಅಂದರೆ ಮೂರ್ಛೆ. ಟಿಕ್ ಬರುವಾಗ ಮಗುವಿಗೆ ಎಚ್ಚರ ಇರುತ್ತದೆ. ಮಾತಾಡಿಸಿದರೆ ಮಾತಾಡುತ್ತದೆ. ಫಿಟ್ಸಿನಲ್ಲಿ ಬಹಳ ಸಲ ಎಚ್ಚರ ತಪ್ಪುತ್ತದೆ. ಒಂದು ಬಗೆಯ ಫಿಟ್ಸಿನಲ್ಲಿ ಮಗು ಬೀಳುವುದಿಲ್ಲ. ಕೆಲವು ಸೆಕೆಂಡು ಕಣ್ಣು ನೆಟ್ಟು ನೋಡುತ್ತದೆ. ರೆಪ್ಪೆ ಪಟಪಟ ಅನ್ನುತ್ತದೆ. ಆಗ ಕೂಗಿದರೂ ಕೇಳಿಸುವುದಿಲ್ಲ. ಆಮೇಲೆ ಏನಾಯಿತು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಇದನ್ನು ಟಿಕ್ ಅಂತ ಬಿಡಬಾರದು. ದೊಡ್ಡ ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ. ಕೈಗೆ ಕಬ್ಬಿಣ ಕೊಡಬೇಡಿ. ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ಆದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

5. ಗಂಟಲು ನೋವಿನ ನಂತರದ ನಡುಕ. ಇದನ್ನು ಗಮನಿಟ್ಟು ಓದಿ. ಗಂಟಲು ನೋವು, ಜ್ವರ ಬಂದು ಹೋಗಿ ಕೆಲವು ವಾರ ಅಥವಾ ತಿಂಗಳಾಗಿದೆ. ಈಗ ಮಗುವಿನ ಕೈಕಾಲು, ಮುಖ ಸುಮ್ಮನಿರದೆ ಹೊರಳುತ್ತವೆ, ಕುಣಿಯುತ್ತವೆ. ಕೈಯಿಂದ ಲೋಟ ಬೀಳುತ್ತದೆ. ಅಕ್ಷರ ಕೆಟ್ಟಿದೆ. ಸುಮ್ಮಸುಮ್ಮನೆ ಅಳುತ್ತದೆ. ಇದನ್ನು ಮಗು ಟಿಕ್ಕಿನ ಹಾಗೆ ತಡೆಯಲಾರದು. ವೈದ್ಯರು ಇದಕ್ಕೆ "ಕೊರಿಯಾ" ಅನ್ನುತ್ತಾರೆ. ಐದರಿಂದ ಹದಿನೈದು ವರ್ಷದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇದರ ಜೊತೆ ಹೃದಯದ ಕವಾಟಗಳು ಹಾಳಾಗುವ ಅಪಾಯ ಇದೆ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ತಪ್ಪದೆ ತಗೊಂಡರೆ ಹೃದಯವನ್ನು ಕಾಪಾಡಬಹುದು.

6. ಕಣ್ಣು ಅದುರುವುದು. ಎಡಗಣ್ಣು ಅದುರಿದರೆ ಹೆಣ್ಣಿಗೆ ಒಳ್ಳೆಯದು ಅಂತೀವಲ್ಲ, ಅದು. ರೆಪ್ಪೆಯ ಒಂದು ಎಳೆ ಮಾತ್ರ ಮಿಣಮಿಣ ಅನ್ನುತ್ತದೆ. ಎದುರಿಗೆ ಇದ್ದವರಿಗೆ ಕಾಣುವುದೇ ಕಷ್ಟ. ನಿದ್ದೆಗೆಟ್ಟರೆ, ದಣಿದರೆ, ಚಹಾ ಹೆಚ್ಚಾದರೆ ಬರುತ್ತದೆ. ಇದು ಟಿಕ್ ಅಲ್ಲ. ಶಕುನವೂ ಅಲ್ಲ. ಸರಿಯಾಗಿ ಮಲಗಿ ಎದ್ದರೆ ಹೋಗುತ್ತದೆ.

7. ಬೇರೆ ಕಾರಣಗಳು. ಕಣ್ಣು ಕೆಂಪಾಗಿ ತುರಿಸುತ್ತಿದ್ದರೆ ಅಲರ್ಜಿ ಇರಬಹುದು. ಕರಿಹಲಗೆ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದರೆ ಕನ್ನಡಕ ಬೇಕಾಗಿರಬಹುದು. ರಾತ್ರಿಯೂ ಕೆಮ್ಮುತ್ತಿದ್ದರೆ ಉಬ್ಬಸ ಇರಬಹುದು. ವಾಂತಿ ನಿಲ್ಲಿಸುವ ಕೆಲವು ಔಷಧದಿಂದಲೂ ಫಕ್ಕನೆ ಕತ್ತು ತಿರುಚಿಕೊಳ್ಳುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಕೂಡಲೇ ಮದ್ದು ಇದೆ. ಕೊಟ್ಟ ಔಷಧದ ಚೀಟಿ, ಬಾಟಲಿ ಜೊತೆಗೆ ಒಯ್ಯಿರಿ.

8. ಒಂದೇ ದಿನದಲ್ಲಿ ಬಂದದ್ದು. ಹದಿಹರೆಯದ ಹುಡುಗಿಗೆ ನಿನ್ನೆ ಏನೂ ಇರಲಿಲ್ಲ. ಇವತ್ತು ಇಡೀ ಮೈ ಕುಲುಕುತ್ತದೆ, ಕೈ ತನ್ನಷ್ಟಕ್ಕೆ ಎದೆ ಬಡಿಯುತ್ತದೆ. 2020ರ ನಂತರ, ಕೊರೋನಾ ಕಾಲದಲ್ಲಿ, ಹಲವು ದೇಶಗಳ ವೈದ್ಯರು ಇಂಥ ಹುಡುಗಿಯರನ್ನು ಹೆಚ್ಚಾಗಿ ಕಂಡರು. ಕೆಲವರು ಮೊಬೈಲಿನಲ್ಲಿ ಟಿಕ್ ಇರುವವರ ವಿಡಿಯೋ ಬಹಳ ನೋಡಿದ್ದರು. ಇದು ನಾಟಕ ಅಲ್ಲ. ಮನಸ್ಸಿನ ಭಾರ ಮೈಯಲ್ಲಿ ಕಾಣುವ ಒಂದು ರೀತಿ. ಇದಕ್ಕೆ ಚಿಕಿತ್ಸೆ ಬೇರೆ. ಹುಡುಗಿಯ ಮನಸ್ಸಿನಲ್ಲಿ ಏನಿದೆ ಅಂತ ಮೆಲ್ಲಗೆ ಕೇಳಬೇಕು.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಇಷ್ಟೆಲ್ಲ ನೆನಪಿಡುವುದು ಹೇಗೆ ಅಂತೀರಾ? ನಾಲ್ಕು ಪ್ರಶ್ನೆ ಸಾಕು.

ಒಂದು: ಅದು ಬರುವಾಗ ಮಗುವಿಗೆ ಎಚ್ಚರ ಇದೆಯೇ? ಎಚ್ಚರ ಇಲ್ಲದಿದ್ದರೆ ಅದು ಟಿಕ್ ಅಲ್ಲ.

ಎರಡು: ಸ್ವಲ್ಪ ಹೊತ್ತು ತಡೆಯಲು ಬರುತ್ತದೆಯೇ? ಬಂದರೆ ಅದು ಟಿಕ್ ಇರುವುದು ಹೆಚ್ಚು.

ಮೂರು: ಅದಕ್ಕೆ ತಾಳ ಇದೆಯೇ? ತಾಳ ಇದ್ದರೆ ಟಿಕ್ ಇರುವುದು ಕಡಿಮೆ.

ನಾಲ್ಕು: ಹಿಂದೆ ಹೆದರಿಕೆಯ ಯೋಚನೆ ಇದೆಯೇ? ಇದ್ದರೆ ಗೀಳು ಇರಬಹುದು.

ಇದು ನಿಮ್ಮ ತಿಳಿವಿಗೆ. ಕೊನೆಯ ಮಾತು ವೈದ್ಯರದ್ದು.

ಈ ಹೆಸರು ಬಂದದ್ದು ಎಲ್ಲಿಂದ?

ಫ್ರಾನ್ಸ್ ದೇಶದಲ್ಲಿ ಒಬ್ಬ ಶ್ರೀಮಂತ ಮನೆತನದ ಹೆಣ್ಣುಮಗಳಿದ್ದಳು. ಏಳನೆಯ ವಯಸ್ಸಿನಿಂದ ಅವಳ ಮೈ ಎಳೆಯುತ್ತಿತ್ತು. ಮುಂದೆ ಬಾಯಿಂದ ಕೂಗೂ ಬರುತ್ತಿತ್ತು. 1825ರಲ್ಲಿ ಇಟಾರ್ ಎಂಬ ವೈದ್ಯ ಅವಳ ಬಗ್ಗೆ ಬರೆದ. ಅರವತ್ತು ವರ್ಷದ ನಂತರ, 1885ರಲ್ಲಿ, ಜಿಲ್ ದ ಲಾ ಟುರೆಟ್ ಎಂಬ ವೈದ್ಯ ಅವಳೂ ಸೇರಿ ಒಂಬತ್ತು ಜನರ ವಿಷಯ ಬರೆದ. ಅವನ ಹೆಸರೇ ಈ ಕಾಯಿಲೆಗೆ ಬಂತು.

ಟುರೆಟ್ ಇದ್ದವರೆಲ್ಲ ಕೆಟ್ಟ ಬೈಗುಳ ಬೈಯುತ್ತಾರೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನವರಿಗೆ ಅದು ಬರುವುದೇ ಇಲ್ಲ. ಬಂದರೂ ಅದು ಅವರ ಮನಸ್ಸಿನ ಮಾತಲ್ಲ, ಟಿಕ್ಕೇ.

ಟುರೆಟ್ ಇದ್ದವರು ದುಡಿದು ಬಾಳುತ್ತಾರೆ. ಅಮೆರಿಕದ ಟಿಮ್ ಹೊವರ್ಡ್ 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ತನ್ನ ದೇಶದ ಗೋಲ್ ಕಾದ. ಅದೇ ದೇಶದ ಬ್ರಾಡ್ ಕೋಹೆನ್ ಶಾಲೆಯ ಮೇಷ್ಟ್ರಾದ. ಅವನ ಕತೆಯಿಂದ 2018ರಲ್ಲಿ "ಹಿಚ್ಕಿ" ಅನ್ನುವ ಹಿಂದಿ ಸಿನಿಮಾ ಬಂತು. ಅದರಲ್ಲಿ ರಾಣಿ ಮುಖರ್ಜಿ ಟುರೆಟ್ ಇರುವ ಟೀಚರಮ್ಮ ಆಗಿದ್ದಾರೆ. ಟಿವಿಯಲ್ಲಿ ಬಂದರೆ ಮಕ್ಕಳ ಜೊತೆ ಕೂತು ನೋಡಿ.

ಮನೆಯಲ್ಲಿ ಏನು ಮಾಡಬೇಕು?

ಮೊದಲ ಔಷಧ, ಸುಮ್ಮನಿರುವುದು. "ಮಾಡಬೇಡ, ಮಾಡಬೇಡ" ಅಂದಷ್ಟೂ ಮಗುವಿನ ಗಮನ ಅಲ್ಲೇ ಹೋಗುತ್ತದೆ. ಟಿಕ್ ಹೆಚ್ಚಾಗುತ್ತದೆ. ಟಿಕ್ ಬಂದಾಗ ನೋಡದವರ ಹಾಗೆ ಮಾತು ಮುಂದುವರಿಸಿ.

ಮನೆಯ ಎಲ್ಲರಿಗೂ ಹೇಳಿ. ಅಜ್ಜಿಗೂ ಹೇಳಿ, ಅಪ್ಪನಿಗೂ ಹೇಳಿ. ಅಣ್ಣತಮ್ಮಂದಿರು ಅಣಕಿಸದಂತೆ ನೋಡಿಕೊಳ್ಳಿ. ಮಗುವಿಗೂ ಹೇಳಿ: "ಇದು ನಿನ್ನ ತಪ್ಪಲ್ಲ ಕಂದ. ನಿನ್ನ ಮೈ ಹಂಗೆ ಮಾಡ್ತದೆ." ಈ ಒಂದು ಮಾತು ಮಗುವಿನ ಎದೆಯ ಮೇಲಿನ ಕಲ್ಲು ಇಳಿಸುತ್ತದೆ.

ಹೊತ್ತಿಗೆ ಸರಿಯಾಗಿ ಮಲಗಿಸಿ. ಓಡಾಡಿ ಆಡಲು ಬಿಡಿ. ಮಲಗುವ ಮುಂಚೆ ಮೊಬೈಲ್ ಕೊಡಬೇಡಿ.

ಬರೆ ಎಳೆಸಬೇಡಿ. ಕಣ್ಣಿಗೆ ಸೊಪ್ಪಿನ ರಸ ಹಿಂಡಬೇಡಿ. ಅದರಿಂದ ಕಣ್ಣೇ ಹೋಗಬಹುದು. ಅಂಗಡಿಯಿಂದ ನರದ ಮಾತ್ರೆ ತಂದು ನುಂಗಿಸಬೇಡಿ. ದೇವರಿಗೆ ಹರಕೆ ಹೊರುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಮಗುವಿನ ಮೈಗೆ ನೋವು ಮಾಡುವುದು ಬೇಡ.

ಹೆಣ್ಣುಮಗಳಾದರೆ ಇನ್ನೊಂದು ಚಿಂತೆ. "ಮುಂದೆ ಮದುವೆ ಹೆಂಗೆ?" ಅಂತ ಮುಚ್ಚಿಡುತ್ತೇವೆ. ಶಾಲೆ ಬಿಡಿಸುತ್ತೇವೆ. ಇದರಿಂದ ಟಿಕ್ ಹೋಗುವುದಿಲ್ಲ. ಓದು ಮಾತ್ರ ಹೋಗುತ್ತದೆ. ಚಿಕ್ಕಂದಿನಲ್ಲಿ ನಾವು ಕಳೆದುಕೊಂಡದ್ದು ಅದೇ ಅಲ್ಲವೇ?

ಶಾಲೆಗೆ ಒಂದು ಚೀಟಿ ಬರೆಯಿರಿ

ತರಗತಿಯಲ್ಲಿ ನಲವತ್ತು ಮಕ್ಕಳ ನಡುವೆ ಒಂದು ಮಗು ಹೂಂ ಹೂಂ ಅಂದರೆ, ನಮ್ಮಂಥ ಟೀಚರುಗಳಿಗೆ ಅದು ಕೀಟಲೆ ಅಂತಲೇ ಕಾಣುತ್ತದೆ. ತಿಳಿಸಿದರೆ ತಿಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಪ್ರಕಾರ ಶಾಲೆಯಲ್ಲಿ ಮಗುವನ್ನು ಹೊಡೆಯುವಂತಿಲ್ಲ. ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಇದು ಎಲ್ಲ ಮಕ್ಕಳಿಗೂ ಇರುವ ಹಕ್ಕು.

ಈಗ ನಿಮಗೆ ಬರೆಯಲು ಬರುತ್ತದೆ. ಹೀಗೆ ಬರೆಯಬಹುದು:

"ಗುರುಗಳಿಗೆ ನಮಸ್ಕಾರ. ನನ್ನ ಮಗ ನಾಲ್ಕನೆಯ ತರಗತಿಯಲ್ಲಿ ಓದುತ್ತಾನೆ. ಅವನಿಗೆ ಟಿಕ್ ಇದೆ ಎಂದು ವೈದ್ಯರು ಹೇಳಿದ್ದಾರೆ. ಕಣ್ಣು ಮಿಟುಕಿಸುತ್ತಾನೆ. ಗಂಟಲಿನ ಶಬ್ದ ಮಾಡುತ್ತಾನೆ. ಬೇಕೆಂದು ಮಾಡುವುದಿಲ್ಲ. ದಯವಿಟ್ಟು ಅವನನ್ನು ಶಿಕ್ಷಿಸಬೇಡಿ. ಬಹಳ ಬಂದಾಗ ಐದು ನಿಮಿಷ ಹೊರಗೆ ಹೋಗಿ ಬರಲು ಬಿಡಿ. ಬೇರೆ ಮಕ್ಕಳು ನಗದಂತೆ ನೋಡಿಕೊಳ್ಳಿ. ಇಂತಿ, ಅವನ ತಾಯಿ."

ಕೆಳಗೆ ನಿಮ್ಮ ಸಹಿ ಮಾಡಿ. ಹೆಬ್ಬೆಟ್ಟು ಬೇಡ.

ಒಂದು ನೋಟುಬುಕ್ ಇಡಿ

ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಕೂತಾಗ ಮಗು ಟಿಕ್ಕನ್ನು ತಡೆದುಬಿಡುತ್ತದೆ. ವೈದ್ಯರಿಗೆ ಏನೂ ಕಾಣುವುದಿಲ್ಲ. ಅದಕ್ಕೆ ನೀವು ಬರೆದಿಡಬೇಕು. ತಾರೀಖು, ಯಾವ ಚಲನೆ, ಯಾವಾಗ ಹೆಚ್ಚು, ಅಷ್ಟೇ ಸಾಕು. ಹೀಗೆ:

ಸೋಮವಾರ: ಕಣ್ಣು. ಸಂಜೆ ಶಾಲೆಯಿಂದ ಬಂದ ಮೇಲೆ ಹೆಚ್ಚು.
ಮಂಗಳವಾರ: ಕಣ್ಣು, ಹೆಗಲು. ಪರೀಕ್ಷೆ ಇತ್ತು.
ಬುಧವಾರ: ಕಡಿಮೆ. ಕಬಡ್ಡಿ ಆಡಿದ.

ಮೊಬೈಲ್ ಇದ್ದರೆ ಮಗುವಿಗೆ ತಿಳಿಸಿ ಒಂದು ಚಿಕ್ಕ ವಿಡಿಯೋ ಮಾಡಿಕೊಳ್ಳಿ. ಅದನ್ನು ವೈದ್ಯರಿಗೆ ಮಾತ್ರ ತೋರಿಸಿ. ಊರಿಗೆಲ್ಲ ಕಳಿಸಬೇಡಿ.

ಯಾವಾಗ, ಎಲ್ಲಿಗೆ ಹೋಗಬೇಕು?

ಸಣ್ಣ ಟಿಕ್ಕಿಗೆ ಔಷಧ ಬೇಕಾಗುವುದಿಲ್ಲ. ಕಾದು ನೋಡಿದರೆ ಸಾಕು. ಆದರೆ ಟಿಕ್ಕಿನಿಂದ ಕತ್ತು ನೋಯುತ್ತಿದ್ದರೆ, ಓದಲು ಉಣ್ಣಲು ತೊಂದರೆ ಆಗುತ್ತಿದ್ದರೆ, ಮಗು ಶಾಲೆಗೆ ಹೋಗಲು ಅಳುತ್ತಿದ್ದರೆ, ಒಂದು ವರ್ಷ ದಾಟಿದರೆ ತೋರಿಸಿ. ಮೇಲೆ ಹೇಳಿದ ಫಿಟ್ಸ್, ಕೊರಿಯಾ ಅನುಮಾನ ಇದ್ದರೆ ಒಂದು ದಿನವೂ ಕಾಯಬೇಡಿ.

ಮೊದಲು ನಿಮ್ಮ ಆಶಾ ಅಕ್ಕನಿಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಜನ ಅದನ್ನು ವಿಮ್ಸ್ ಅಂತ ಕರೆಯುತ್ತಾ ಬಂದಿದ್ದಾರೆ. ಇನ್ನೂ ಹೆಚ್ಚಿನದು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಶಾಲೆಗೆ, ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ವೈದ್ಯರ ತಂಡಕ್ಕೂ ತೋರಿಸಬಹುದು.

ಫೋನಿನಲ್ಲೇ ಕೇಳಬೇಕೇ? 14416ಕ್ಕೆ ಫೋನ್ ಮಾಡಿ. ಇದಕ್ಕೆ ಟೆಲಿ ಮಾನಸ್ ಅಂತ ಹೆಸರು. 2022ರಲ್ಲಿ ಸರ್ಕಾರ ಶುರು ಮಾಡಿತು. ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ.

ಮೆದುಳಿನ, ಮನಸ್ಸಿನ ವೈದ್ಯರ ಹತ್ತಿರ ಹೋದರೆ ಹುಚ್ಚು ಅಂತಾರೆ ಅನ್ನುವ ಅಳುಕು ಬೇಡ. ನಮ್ಮ ಬಳ್ಳಾರಿ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಮ್ಮೆ ಇದೆ. 1985ರಿಂದ 1990ರವರೆಗೆ ನಿಮ್ಹಾನ್ಸಿನವರು ನಮ್ಮ ಜಿಲ್ಲೆಯಲ್ಲೇ ಒಂದು ಹೊಸ ಕೆಲಸ ಮಾಡಿ ನೋಡಿದರು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ, ಫಿಟ್ಸ್ ಗುರುತು ಹಿಡಿಯಲು ಕಲಿಸಿದರು. ಔಷಧವನ್ನು ಹಳ್ಳಿಯ ಹತ್ತಿರವೇ ತಂದರು. ಬಳ್ಳಾರಿಯಲ್ಲಿ ಆದದ್ದನ್ನು ನೋಡಿ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿದರು. ಅದೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯವರು ನಾವು. ನಾವೇ ಅಂಜಿ ಕೂತರೆ ಹೇಗೆ?

ವೈದ್ಯರು ಏನು ಮಾಡುತ್ತಾರೆ? ತರಬೇತಿ ಪಡೆದವರು ಮಗುವಿಗೆ ಒಂದು ಉಪಾಯ ಕಲಿಸುತ್ತಾರೆ. ಒಳಗೆ ಒತ್ತಡ ಬಂದದ್ದು ಗೊತ್ತಾದ ಕೂಡಲೇ ಬೇರೆ ಚಲನೆ ಮಾಡುವುದು. ಹೆಗಲು ಎಗರುವಂತಿದ್ದರೆ ಮೊಣಕೈಯನ್ನು ಮೈಗೆ ಒತ್ತಿ ಹಿಡಿಯುವುದು. ಗಂಟಲಿನ ಶಬ್ದ ಬರುವಂತಿದ್ದರೆ ಮೂಗಿನಿಂದ ನಿಧಾನವಾಗಿ ಉಸಿರಾಡುವುದು. ಕಲಿಯಲು ಕೆಲವು ವಾರ ಬೇಕು. ಟಿಕ್ ಬಹಳ ಜೋರಾಗಿದ್ದರೆ ಮಾತ್ರೆ ಕೊಡುತ್ತಾರೆ. ಮಾತ್ರೆ ಟಿಕ್ಕನ್ನು ಕಡಿಮೆ ಮಾಡುತ್ತದೆ, ಬೇರು ಸಮೇತ ಕೀಳುವುದಿಲ್ಲ. ಕೆಲವು ಮಾತ್ರೆಗಳಿಂದ ನಿದ್ದೆ, ತೂಕ ಹೆಚ್ಚುತ್ತದೆ. ವೈದ್ಯರನ್ನು ಕೇಳದೆ ಶುರು ಮಾಡಬಾರದು, ಕೇಳದೆ ನಿಲ್ಲಿಸಲೂಬಾರದು.

ನೆನಪಿಡಿ

ಟಿಕ್ ತುಂಟತನ ಅಲ್ಲ, ಗಾಳಿಯೂ ಅಲ್ಲ.
ಮಗು ಸ್ವಲ್ಪ ಹೊತ್ತು ತಡೆಯಬಲ್ಲದು, ಬಿಡಲಾರದು.
ಬೈದರೆ ಹೆಚ್ಚಾಗುತ್ತದೆ. ಸುಮ್ಮನಿದ್ದರೆ ಇಳಿಯುತ್ತದೆ.
ಎಚ್ಚರ ತಪ್ಪಿದರೆ, ಕೈಯಿಂದ ವಸ್ತು ಬೀಳುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೂಡಿ ಮಾತಾಡೋಣ

1. ನಿಮ್ಮ ಓಣಿಯಲ್ಲಿ ಇಂಥ ಮಗು ಇದ್ದರೆ ಜನ ಏನನ್ನುತ್ತಾರೆ? ನೀವು ಏನು ಹೇಳುವಿರಿ?
2. ಉಗುರು ಕಚ್ಚುವುದಕ್ಕೂ ಟಿಕ್ಕಿಗೂ ಏನು ವ್ಯತ್ಯಾಸ?
3. ಶಾಲೆಗೆ ಬರೆಯುವ ಚೀಟಿಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
4. 14416 ಮತ್ತು 108 ಈ ಎರಡು ನಂಬರುಗಳನ್ನು ಮನೆಯ ಗೋಡೆಯ ಮೇಲೆ ದಪ್ಪ ಅಂಕಿಯಲ್ಲಿ ಬರೆದು ಇಡಿ.